ಅಕ್ಕನ ಬೈಗುಳ

೧೨ ಆಗಸ್ಟ್ ೨೦೨೫, ಮಂಗಳವಾರ

ಮೂವತ್ತು ವರ್ಷದ ಹಿಂದೆ ಸಾದಲಿಯ ನಮ್ಮ ರೇಷ್ಮೆ ಹುಳುಮನೆಯಲ್ಲಿ ತೆಗೆದ, ನಾನೇ ಸಂಭಾಷಣೆ ಬರೆದ ಸಿನಿಮಾವನ್ನು ಅದರ ನಿರ್ದೇಶಕ ಚನ್ನಕೇಶವ ತಿದ್ದಿ ಮತ್ತೆ ಬಿಡುಗಡೆ ಮಾಡುತ್ತಾನಂತೆ. ಅದರಲ್ಲಿ, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ಅಕ್ಕ, ಕ್ಯಾಮೆರಾ ಮರೆತು ಅವನನ್ನೇ ಬೈದಿದ್ದಳು: "ಲೇ ಕೇಶವ, ಚಪ್ಪಲಿ ಆಚೆ ಬಿಟ್ಟು ಬಾರಪ್ಪ, ಹುಳಕ್ಕೆ ರೋಗ ಬರ್ತದೆ!"

"ಆವತ್ತು ರೀಲ್ ಮುಗಿದೋಗಿತ್ತಣ್ಣ, ಇನ್ನೊಂದ್ಸಲ ತೆಗಿಯಕ್ಕಾಗ್ಲಿಲ್ಲ, ಹಂಗೇ ಬಿಟ್ಟೆ. ಈಗ ಆ ಮಾತು ತೆಗೀತೀನಿ" ಎಂದ ಫೋನಿನಲ್ಲಿ.

"ಆಯ್ತಪ್ಪ" ಎಂದುಬಿಟ್ಟೆ. ಮಾಡಿದವನಿಗೆ ತಿದ್ದುವ ಹಕ್ಕಿಲ್ಲವೇ? ನಾನು ಬರೆದಿದ್ದ ಎರಡು ಪೆದ್ದು ಸಂಭಾಷಣೆಗಳನ್ನು ಹೋದ ತಿಂಗಳು ಅವನ ಬೆನ್ನುಬಿದ್ದು ತೆಗೆಸಿದವನು ನಾನೇ.

ಅಕ್ಕ ಹೋಗಿ ಹನ್ನೊಂದು ವರ್ಷ. ಅವಳ ದನಿ ಇನ್ನೆಲ್ಲೂ ಉಳಿದಿಲ್ಲ.

ಅವಳ ಬೈಗುಳ ತೆಗೆಯಬೇಡ ಎನ್ನಬೇಕಾದರೆ, ನ್ಯಾಯವಾಗಿ ನನ್ನ ಪೆದ್ದು ಮಾತುಗಳನ್ನೂ ವಾಪಸ್ ಹಾಕಿಸಬೇಕು. ಶಿಡ್ಲಘಟ್ಟವೆಲ್ಲ ಕೂತು ನಗುತ್ತದೆ. ನಗಲಿ ಎಂದು ಹೇಳಲು ಫೋನ್ ಎತ್ತಿದೆ, ಮತ್ತೆ ಇಟ್ಟೆ. ಮತ್ತೆ ಎತ್ತಿ, "ಕೇಶವ, ಅಕ್ಕನ ಬೈಗುಳ ಹಂಗೇ ಇರ್ಲಿ, ನನ್ನ ಪೆದ್ದು ಮಾತೂ ವಾಪಸ್ ಹಾಕಪ್ಪ" ಎಂದೆ.