ಬಗಲಲ್ಲಿ ಗಂಟಿಲ್ಲದ ಪ್ಲೇಗು

ಜಿಲ್ಲೆಯ ಪ್ಲೇಗು ಅಧಿಕಾರಿಗಳೆಂಬ ಮಾನ್ಯರೇ,

ಬಗಲಲ್ಲಿ ಗಂಟು ಕಾಣದಿದ್ದರೆ ಪ್ಲೇಗಲ್ಲ ಎಂಬ ತಮ್ಮ ಮಹಾಸಿದ್ಧಾಂತಕ್ಕೆ ನನ್ನ ತಂಗಿ ಬಲಿಯಾದಳು. ಇದನ್ನು ಅರ್ಜಿಯಾಗಿ ಕೊಟ್ಟರೆ ತಮ್ಮ ಕಚೇರಿಯಲ್ಲಿ ಅದರ ಗತಿ ಏನಾಗುತ್ತದೆಂದು ವಕೀಲನಾದ ನನಗೆ ಗೊತ್ತು. ಕಲಬುರಗಿಯ ಛಾಪಖಾನೆಯವರು ತಮ್ಮ ಹುದ್ದೆಯ ಹೆಸರು ಕೇಳಿಯೇ ಕೈಮುಗಿದುಬಿಟ್ಟರು. ಆದ್ದರಿಂದ ಸೊಲ್ಲಾಪುರದಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚುತ್ತಿದ್ದೇನೆ.

ತಂಗಿ ಅಂಬಮ್ಮನನ್ನು ಕಮಲಾಪುರದ ದೌಲಪ್ಪನಿಗೆ ಕೊಟ್ಟಿದ್ದೆವು. ಒಕ್ಕಲುತನದ ಮನೆ, ಇಬ್ಬರು ಮಕ್ಕಳು, ಅತ್ತೆ ಭೀಮಬಾಯಿ. ಹೋದ ಮಾಘದಲ್ಲಿ ಆ ಅತ್ತೆ ಮುಂಜಾನೆ ಜೋಳ ಬೀಸಿ ಎದ್ದವರು ಸಂಜೆಗೆ ಚಳಿಜ್ವರ ಹಿಡಿದು ಮಲಗಿದರು. ಮರುದಿನ ಎದೆನೋವು, ಏದುಸಿರು, ನೀರಿನಂಥ ನೊರೆಕಫದಲ್ಲಿ ಕೆಂಪು ರಕ್ತ. ತಪಾಸಣೆಗೆ ಹೊರಟಿದ್ದ ತಾವು ಅಂದೇ ಅಲ್ಲಿಗೆ ದಯಮಾಡಿಸಿದಿರಿ. ಹೊಸ್ತಿಲಿನ ಹೊರಗೇ ನಿಂತು, ಕಂಪೌಂಡರನಿಂದ ಮುದುಕಿಯ ಬಗಲು ಮುಟ್ಟಿಸಿದಿರಿ. ಗಂಟು ಸಿಗಲಿಲ್ಲ.

"ಪ್ಲೇಗಲ್ಲ. ಥಂಡಿ ಎದೆಗೆ ಇಳಿದಿದೆ. ಅಗಸೆಹಿಟ್ಟಿನ ಪಟ್ಟು ಹಾಕಿ" ಎಂದಿರಿ.

ನನ್ನ ತಂಗಿ ಸೆರಗು ಮುಂದೆಳೆದುಕೊಂಡು ಕೇಳಿದಳು: "ಸಾಹೇಬ್ರ, ನಿನ್ನಿ ಮುಂಜಾನಿ ಆರಾಮ ಇದ್ರು. ಇವತ್ತ ಉಸಿರಿಗೆ ಬಡದಾಡಾಕತ್ತಾರ, ರಕ್ತ ಕಾರಾಕತ್ತಾರ. ಥಂಡಿ ಹಿಂಗ ಮಾಡ್ತದೇನ್ರಿ?"

"ಡಾಕ್ಟರು ನೀನೋ ನಾನೋ?" ಎಂದಿರಿ. ಎಂಥ ಪಾಂಡಿತ್ಯ!

ಭೀಮಬಾಯಿ ತೀರಿಕೊಂಡರು. ಥಂಡಿಗೆ ಯಾರು ಹೆದರುತ್ತಾರೆ? ಬಂದವರೆಲ್ಲ ಹೆಣವನ್ನು ತಬ್ಬಿ ಅತ್ತರು. ಬಳಿಕ ಮನೆಯಲ್ಲಿ ಕೆಮ್ಮು ಹತ್ತಿದ್ದು ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಂಬಮ್ಮನಿಗೆ. ಬಾಯಿಗೆ ಒತ್ತಿದ ಸೆರಗಿನಲ್ಲಿ ರಕ್ತ ಕಂಡದ್ದೇ ಅವಳು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಮಕ್ಕಳನ್ನು ಮನೆಯಿಂದ ದೂರ ಹೊಲಕ್ಕೆ ಕಳಿಸಲು ಕಿಟಕಿಯಿಂದಲೇ ಹೇಳಿದಳು. ದೌಲಪ್ಪ ನನಗೆ ಸುದ್ದಿ ಮುಟ್ಟಿಸಿದ.

ನಾನು ಮೊದಲು ಓಡಿಬಂದದ್ದು ತಮ್ಮ ಕಚೇರಿಗೆ. ನೆನಪಿದೆಯೇ? ಅವಳ ಕಫವನ್ನು ತರಿಸಿ ಪರೀಕ್ಷಿಸಿ ಎಂದು ಬೇಡಿಕೊಂಡೆ. "ಅದಕ್ಕೆ ಖುರ್ದಬೀನು ಬೇಕು ವಕೀಲರೇ, ಸೂಕ್ಷ್ಮ ಕ್ರಿಮಿ ಬರಿಗಣ್ಣಿಗೆ ಕಾಣುವುದಿಲ್ಲ" ಎಂದು ಪಾಠ ಹೇಳಿದಿರಿ. ಸರ್ಕಾರ ಕೊಟ್ಟ ಆ ಸೂಕ್ಷ್ಮದರ್ಶಕ ತಮ್ಮ ಬೆನ್ನ ಹಿಂದೆಯೇ ಇತ್ತು. ಅದರ ಮೇಲೆ ತಮ್ಮ ರುಮಾಲು ಒಣಗುತ್ತಿತ್ತು.

ಕಮಲಾಪುರ ಮುಟ್ಟಿದಾಗ ದೌಲಪ್ಪ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದ. "ಬಾಗಲಾ ತಗೀ, ಒಂದ ಗುಟುಕು ನೀರರೆ ಕುಡಸ್ತೀನಿ" ಎಂದು ಗೋಗರೆಯುತ್ತಿದ್ದ.

"ಕಿಡಕ್ಯಾಗ ಇಟ್ಟು ಹಿಂದ ಸರೀರಿ" ಎಂದಳು ಒಳಗಿನಿಂದ. ನನ್ನ ದನಿ ಕೇಳಿ, "ಅಣ್ಣಾ, ಅಲ್ಲೇ ನಿಂದ್ರು. ಇವರನ್ನ ಕೈಹಿಡದು ಜಗ್ಗು" ಎಂದಳು. ಜಗ್ಗಿದೆ. ಮನೆಯ ಅಳಿಯನೆಂಬ ಮರ್ಯಾದೆ ಬಿಟ್ಟು, ನೆಲಕ್ಕೆ ಕೆಡವಿ ಹಿಡಿದುಕೊಂಡೆ. ಒಳಗೆ ಕೆಮ್ಮು ನಿಂತಿತು. ಬಾಗಿಲನ್ನು ಒಡೆಯಬೇಕಾಯಿತು.

ಮಂಚೂರಿಯಾದಲ್ಲಿ ಈ ಎದೆಯ ಪ್ಲೇಗು ಸಾವಿರಾರು ಜನರನ್ನು ನುಂಗಿದ ಸುದ್ದಿ ಪತ್ರಿಕೆ ಓದುವ ವಕೀಲನಿಗೆ ಗೊತ್ತಿದೆ. ಸಂಬಳ ತಿನ್ನುವ ಅಧಿಕಾರಿಗೆ ಗೊತ್ತಿರಬಾರದೇ? ಸಾಮಾನ್ಯ ನಿಮೋನಿಯಾದಲ್ಲಿ ಕಫ ಗಟ್ಟಿ, ಬಣ್ಣ ತುಕ್ಕಿನಂತೆ; ಜ್ವರ ವಾರದ ಹೊತ್ತಿಗೆ ಎಷ್ಟೋ ಸಲ ಬೆವರಿ ಇಳಿಯುತ್ತದೆ. ಫ್ಲೂ ಜ್ವರದಲ್ಲಿ ಓಣಿಯೆಲ್ಲ ಕೆಮ್ಮಿದರೂ ಬಹುಪಾಲು ಜನ ಎದ್ದು ಓಡಾಡುತ್ತಾರೆ. ಎದೆಯ ಪ್ಲೇಗಿಗೆ ಅಷ್ಟು ತಾಳ್ಮೆ ಇಲ್ಲ. ತೆಳು ಕಫದಲ್ಲಿ ಹಸಿ ರಕ್ತ, ಎರಡು ಮೂರು ದಿನಕ್ಕೆ ಸಾವು, ಆಮೇಲೆ ಶುಶ್ರೂಷೆ ಮಾಡಿದವರ ಸರದಿ. ಗಂಟು ಏಳುವವರೆಗೆ ಅದು ಕಾಯುವುದಿಲ್ಲ. ಇಷ್ಟಾದರೂ ಅನುಮಾನ ಉಳಿದರೆ ಕಫ ನೋಡಬೇಕು. ಅದಕ್ಕೆ ಮೊದಲು ರುಮಾಲು ತೆಗೆಯಬೇಕು.

ತಮಗೆ ಜ್ಞಾನೋದಯವಾದದ್ದು ತಮ್ಮದೇ ಕಂಪೌಂಡರ್ ರಕ್ತ ಕಾರಿ ಸತ್ತ ಮೇಲೆ. ಅವನ ಕಫ ಹೈದರಾಬಾದಿಗೆ ಹೋಯಿತು; ಪ್ಲೇಗೆಂದು ಉತ್ತರ ಬಂತು. ಕೂಡಲೇ ತಮ್ಮ ಸಿದ್ಧಾಂತ ತಲೆಕೆಳಗಾಯಿತು: ಕೆಮ್ಮಿದವರೆಲ್ಲ ಪ್ಲೇಗಿನವರು! ಶರಣಬಸವೇಶ್ವರ ಗುಡಿಯ ಹತ್ತಿರದ ನಮ್ಮ ನೆರೆಯವ ಪೀರಪ್ಪ ವಾರಕ್ಕಿಂತ ಹೆಚ್ಚು ಮಲಗಿ, ಬೆವರಿ, ಜ್ವರ ಬಿಟ್ಟು ಗಂಜಿ ಕುಡಿಯುತ್ತಿದ್ದ. "ಆರಾಮ ಆಗೇನ್ರೀ, ಬಿಡ್ರೀ" ಎನ್ನುತ್ತಿದ್ದವನನ್ನು ತಮ್ಮ ಜವಾನರು ಹೊತ್ತೊಯ್ದು, ಕುಸನೂರಿನಾಚೆಯ ತಟ್ಟಿಯ ಗುಡಿಸಿಲಲ್ಲಿ ನಿಜವಾದ ರೋಗಿಗಳ ನಡುವೆ ಮಲಗಿಸಿದರು. ಅವನಿಗೆ ಇಲ್ಲದ ರೋಗವನ್ನು ಸರ್ಕಾರವೇ ಅಂಟಿಸಿತು. ಪ್ಲೇಗಿದ್ದವಳನ್ನು ಮನೆಯಲ್ಲಿ ಬಿಟ್ಟವರೂ ತಾವೇ, ಇಲ್ಲದವನನ್ನು ಪ್ಲೇಗಿನೊಳಗೆ ನೂಕಿದವರೂ ತಾವೇ. ಇಷ್ಟು ನಿಖರವಾಗಿ ತಪ್ಪುವುದು ಮೂಢರಿಗೂ ಕಷ್ಟ.

ಈಗ ನನ್ನ ಬೇಡಿಕೆ. ಕಫ ಪರೀಕ್ಷೆಯಾಗದೆ ಯಾರನ್ನೂ ಆ ಗುಡಿಸಿಲಿಗೆ ಹಾಕಕೂಡದು, ಅನುಮಾನವಿದ್ದವರನ್ನು ಬೇರೆಯಾಗಿಡಿ. ಆರೈಕೆ ಮಾಡುವವರ ಮೂಗು ಬಾಯಿಗೆ ಬಟ್ಟೆ ಕಟ್ಟಿಸಿ. ಇದು ಎಲ್ಲರ ಪರವಾಗಿ. ಇನ್ನೊಂದು ನನ್ನದು. ಅಂಬಮ್ಮ ಥಂಡಿಯಿಂದ ಸತ್ತಳೆಂದೇ ತಾವು ಇಂದಿಗೂ ಹೇಳುತ್ತಿದ್ದೀರಿ. ಆದ್ದರಿಂದ ಕಮಲಾಪುರದ ಬಾಯಿಗಳಿಗೆ ಬೇರೆ ಕಾರಣ ಬೇಕಾಗಿದೆ: ಗಂಡನ ಮೇಲಿನ ಸಿಟ್ಟಿಗೆ ಕದ ಹಾಕಿಕೊಂಡಳಂತೆ, ಹಡೆದ ಮಕ್ಕಳ ಮುಖವನ್ನೂ ನೋಡಲಿಲ್ಲವಂತೆ. ಸಂತೆಯಲ್ಲಿ ಇದನ್ನು ಕೇಳಿಬಂದ ಅವಳ ಮಗಳು ನನ್ನನ್ನು ಕೇಳಿದಳು, "ಮಾವಾ, ಅವ್ವ ನಮ್ಮ ಮ್ಯಾಲ ಯಾಕ ಸಿಟ್ಟಾಗಿದ್ಳು?"

ತಾವು ಕಮಲಾಪುರದ ಚಾವಡಿಗೆ ಬನ್ನಿ. ನೆರೆದ ಜನರೆದುರು ನಿಂತು, ಅದು ಪ್ಲೇಗಾಗಿತ್ತು, ನನಗೆ ತಿಳಿಯಲಿಲ್ಲ ಎಂದು ಹೇಳಿ. ಆ ಹುಡುಗಿಯನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಹೊಣೆ ನನ್ನದು.

ಇಂತಿ,
ತಂಗಿಯ ಮಾತಿನಂತೆ ದೂರವೇ ನಿಂತು ಬದುಕಿಕೊಂಡ
ಕಲಬುರಗಿಯ ಒಬ್ಬ ವಕೀಲ