ಉದ್ದಕ್ಕೊಂದು, ಅಡ್ಡಕ್ಕೊಂದು

ಗುರಣ್ಣಾ,

ನೀನು ತೀರಿಕೊಂಡ ಮೇಲೆ ಇಂಥದ್ದನ್ನೆಲ್ಲ ಹೇಳಲು ಯಾರೂ ಇಲ್ಲ. ಇವತ್ತು ಕೊಲ್ಹಾಪುರದ ನಮ್ಮ ಪ್ರಯೋಗಾಲಯದಲ್ಲಿ ನೀನು ಮಾಡಿದ, ತೀರಾ ತಣ್ಣಗಾದರೆ ವಿದ್ಯುತ್ತಿಗೆ ತಡೆಯನ್ನೇ ಒಡ್ಡದ ಸೂಪರ್‌ಕಂಡಕ್ಟರ್ ತೆಳುಪದರವನ್ನು ಕಸಕ್ಕೆ ತೆಗೆದಿಟ್ಟಿದ್ದರು.

“ಎಷ್ಟ ತಣ್ಣಗ ಮಾಡಿದ್ರೂ ರೆಸಿಸ್ಟನ್ಸ್ ಹೋಗವಲ್ದು ಸರ್. ಕೆಟ್ಟೈತ್ರಿ,” ಎಂದಳು ವಿದ್ಯಾರ್ಥಿನಿ ಪ್ರಣಾಲಿ.

ಸಿಟ್ಟು ಬಂತು. ಅಂದು ಇಲ್ಲಿಯವರು ನಿನ್ನನ್ನೂ ಹೀಗೇ ಒಂದೇ ದಿಕ್ಕಿನಿಂದ ಅಳೆದು, ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರಲ್ಲ.

“ಅಡ್ಡ ಅಳದೀಯವಾ. ಇದನ್ನ ಮಾಡಿದಾಂವ ಕಬನೂರಿನ ನೇಕಾರರ ಮಗ. ಇದರ ಪದರ ಮಗ್ಗದ ಹಾಸಿನ ನೂಲಿನಂಗ ಉದ್ದಕ್ಕ ಅದಾವ, ಅಡ್ಡ ಹೋದ್ರ ನಡುವ ಸಂದ ಸಿಗತಾವ. ಕರೆಂಟೂ ಉದ್ದಕ್ಕ ಬಿಡು,” ಎಂದೆ.

ಅವಳು ತಂತಿಗಳನ್ನು ತಿರುಗಿಸಿ ಜೋಡಿಸಿ, ಮತ್ತೆ ತಣ್ಣಗೆ ಮಾಡಿದಳು. ರೆಸಿಸ್ಟನ್ಸ್ ಪೂರಾ ಸೊನ್ನೆಗೆ ಇಳಿಯಿತು.

“ಅವರಿಗೊಂದ ಫೋನ್ ಹಚ್ಚೂಣ್ರಿ ಸರ್,” ಎಂದಳು ಹಿಗ್ಗಿನಿಂದ.

ನಂಬರ್ ಇಲ್ಲ ಎಂದೆ. ನನ್ನ ಫೋನಿನಿಂದ ಅದನ್ನು ನಾನಿನ್ನೂ ಅಳಿಸಿಲ್ಲ.