ದೊರೆಯ ಪರವಾನಗಿ

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಅಪ್ಪನಿಗೆ,

ಸೊಂಟದ ನೋವು ಹೇಗಿದೆ? ಕೋಲು ಹಿಡಿದು ಗೇಟಿನವರೆಗೆ ನಡೆದಿರಂತೆ, ಅಕ್ಕ ಹೇಳಿದಳು. ಅವಳು ಖುಷಿಯ ಸುದ್ದಿಯನ್ನು ಸ್ವಲ್ಪ ಎಳೆದು ಉದ್ದ ಮಾಡುವವಳು, ಹಾಗಾಗಿ ಅರ್ಧ ದಾರಿ ಅಂದುಕೊಂಡಿದ್ದೇನೆ. ಅವಳ ಮನೆಗೆ ಮೆಟ್ಟಿಲಿಲ್ಲದಿರುವುದು ಒಳ್ಳೆಯದಾಯಿತು. ನಮ್ಮ ಹೊಲಿಗೆ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ, ಕತ್ತೆತ್ತಲು ಬಿಡುವಿಲ್ಲ.

ಇವತ್ತು ಬೆಳಿಗ್ಗೆ ಮೀನುಗಾರಿಕೆ ಇಲಾಖೆಯವನೊಬ್ಬ ನಿಮ್ಮ ಮೀನು ದೊರೆಯನ್ನು ನೋಡಲು ಬಂದಿದ್ದ. ಈ ಜಾತಿಯ ಮೀನನ್ನು ಯಾರೋ ಕೆರೆಗೆ ಬಿಟ್ಟು, ಅದು ಅಲ್ಲಿನ ಮೊಟ್ಟೆ ಮರಿಗಳನ್ನೆಲ್ಲ ತಿಂದು ಮುಗಿಸಿದ ಮೇಲೆ ನಿಷೇಧ ಬಂತಲ್ಲ. ಮೊದಲೇ ಸಾಕಿದವರು ಅದು ಸಾಯುವವರೆಗೆ ಇಟ್ಟುಕೊಳ್ಳಲಿ ಅಂತ ನಿಮಗೆ ಪರವಾನಗಿ ಕೊಟ್ಟರಲ್ಲ, ಅದರ ತಪಾಸಣೆ. ತೊಟ್ಟಿಯ ಮುಚ್ಚಳ ಅಲ್ಲಾಡಿಸಿದ, ಬೀಗ ಎಳೆದ, ಗಾಜಿಗೆ ಅಂಟಿಸಿದ ಕಾಗದ ಓದಿದ. 'ಭೇಷ್, ಎಲ್ಲ ಕಾನೂನಿನ ಪ್ರಕಾರ ಇದೆ' ಅಂದ. ನನ್ನ ಕೊರಳಲ್ಲಿ ಟೇಪು ನೇತಾಡುತ್ತಿತ್ತು. ಯಾಕೋ ಅಳೆದೆ. ತೊಟ್ಟಿಯ ಅಗಲ ಹದಿನಾರು ಇಂಚು. ಮೀನು, ಬಾಲ ಸೇರಿ, ಇಪ್ಪತ್ತೆರಡು. ನೀವು ತಂದಾಗ ಬೆರಳುದ್ದವಿತ್ತು. ಈಗ ತಿರುಗಬೇಕಾದರೆ ಮೈ ಮಡಿಸಿ, ಗಾಜಿಗೆ ಮೂತಿ ಉಜ್ಜಿ, ಎರಡು ಮೂರು ಸಲ ಹೆಣಗುತ್ತದೆ. ದಿನಾ ನೋಡುತ್ತಿದ್ದೆ, ಅಳೆದಿರಲಿಲ್ಲ. ಅವನಿಗೆ ಹೇಳಿದೆ. 'ಮೀನು ಆಚೆ ಬರಬಾರದು, ಅಷ್ಟೇ ಸಾರ್. ಒಳಗೆ ಹೇಗಿದೆ ಅನ್ನೋದು ನಮ್ಮ ಫಾರ್ಮಲ್ಲಿಲ್ಲ' ಅಂದ. ಕೆಟ್ಟವನಲ್ಲ. ಹಾಗೆ ಹೇಳುವಾಗ ಮೀನಿನ ಕಡೆ ನೋಡಲಿಲ್ಲ.

ಆಮೇಲೆ, 'ಯಜಮಾನ್ರು ಎಲ್ಲಿ? ಒಂದು ಸಹಿ ಬೇಕಿತ್ತು' ಅಂದ. ಪರವಾನಗಿ ಮನುಷ್ಯನದ್ದು, ಮನೆಯದ್ದಲ್ಲವಂತೆ. ಪಡೆದವರು ಆರು ತಿಂಗಳು ಮನೆಯಲ್ಲಿಲ್ಲದಿದ್ದರೆ ರದ್ದು. ಮೀನನ್ನು ಇಲಾಖೆ ಒಯ್ದು ಕೊಲ್ಲುತ್ತದೆ. ಕೆರೆಗೆ ಬಿಡೋಣವೆಂದರೆ ಅದು ಇನ್ನೊಂದು ಥರದ ಕೊಲೆ. ನೀವು ಅಕ್ಕನ ಮನೆಗೆ ಹೋಗಿ ಎಂಟು ತಿಂಗಳಾಯಿತು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಸೊಸೆ ಅಡುಗೆಮನೆಯಿಂದ, 'ಮಾವ ಸ್ನಾನಕ್ಕೆ ಹೋಗಿದ್ದಾರೆ' ಅಂದಳು. ಅಷ್ಟಕ್ಕೇ ಬಿಡದೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು, ಬಾಗಿಲೆಳೆದುಕೊಂಡು ಬಂದಳು. 'ವಯಸ್ಸಾದವರು, ನಿಧಾನಕ್ಕೆ ಬರಲಿ' ಅಂತ ಅವನು ಕುರ್ಚಿಯಲ್ಲಿ ಕೂತೇಬಿಟ್ಟ.

ಮೂವರೂ ನೀರಿನ ಸದ್ದು ಕೇಳುತ್ತ ಕೂತೆವು. ಇಪ್ಪತ್ತು ನಿಮಿಷ. ಬಕೆಟ್ ತುಂಬಿ ಹರಿಯುವುದು ಕೇಳಿಸಿತು. ಅವನು ಗಡಿಯಾರ ನೋಡಿ, 'ಬಿಸಿನೀರಾ?' ಅಂದ. ಇವಳು, 'ಉಗುರು ಬೆಚ್ಚಗೆ' ಅಂದಳು. ಬಾಗಿಲಡಿಯಿಂದ ನೀರು ಈಚೆ ಬಂತು. ಆಗ ನನ್ನ ತಲೆಯಲ್ಲಿ ಮೀನಿರಲಿಲ್ಲ. ಆ ಸದ್ದನ್ನು ನಾನೇ ನಂಬತೊಡಗಿದ್ದೆ. ಈಗ ಕೆಮ್ಮುತ್ತೀರಿ, ಟವೆಲ್ ಕೇಳುತ್ತೀರಿ ಅಂತ ಕಾಯುತ್ತಿದ್ದೆ. ಎದ್ದು ಹೋಗಿ ನಲ್ಲಿ ನಿಲ್ಲಿಸಿದೆ. 'ಅಪ್ಪ ಇಲ್ಲಿಲ್ಲ' ಅಂದೆ. ಇವಳು, 'ಸತ್ಯಹರಿಶ್ಚಂದ್ರನ ತುಂಡು' ಎಂದು ಗೊಣಗಿ ನೆಲ ಒರೆಸಲು ಕೂತಳು. ಅವನು ಕಾಲು ಮೇಲೆತ್ತಿಕೊಂಡು ಕೇಳಿದ: 'ಬರ್ತಾರೋ, ಬರೋದೇ ಇಲ್ವೋ? ಅದು ಹೇಳಿ.' ಈ ಎಂಟು ತಿಂಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಅದನ್ನು ಕೇಳಿಲ್ಲ.

ಅಕ್ಕ ಭಾವನನ್ನು ಕೇಳಿದೆವೆಂದು ಹೇಳಿ. ನಿಮ್ಮ ಕಾಲಿಗೆ ನಮಸ್ಕಾರ. ನೋಯುವ ಕಾಲಿಗೆ ಎರಡು ಸಲ.

ನಿಮ್ಮ ಮಗ

ತಾ.ಕ.: ಅಂಚೆಗೆ ಹೊತ್ತಾಯಿತು. ಇಲಾಖೆಯವನು ಕೊಟ್ಟುಹೋದ ಫಾರ್ಮು ಇದರೊಳಗಿದೆ, ನಿಮ್ಮ ಸಹಿಯೊಂದಿಗೆ ಇಪ್ಪತ್ತೈದರೊಳಗೆ ಅವನ ಕೈ ಸೇರಬೇಕು. 'ಮನೆಗೆ ಮರಳುವ ತಾರೀಖು' ಅನ್ನುವ ಸಾಲು ಖಾಲಿ ಇದೆ. ಅದನ್ನು ಬರೆದರೆ ಆರು ತಿಂಗಳು ದಾಟಿದ್ದರೂ ಪರವಾನಗಿ ರದ್ದು ಮಾಡುವುದಿಲ್ಲವಂತೆ, ಮೀನು ಉಳಿಯುತ್ತದೆ; ಅದಕ್ಕೆ ದೊಡ್ಡ ತೊಟ್ಟಿ ಮಾಡಿಸುತ್ತೇನೆ. ನಿಮ್ಮ ಅಕ್ಷರದ ಹಾಗೇ ಬರೆಯಲು ನನಗೆ ಬರುತ್ತದೆ, ಆದರೂ ತುಂಬಲಿಲ್ಲ. ಬರೀ ಮೀನಿಗೋಸ್ಕರ ಬರೆಯಬೇಡಿ. ಖಾಲಿ ಕಳಿಸಿದರೆ ಮೀನನ್ನು ಇಲಾಖೆಗೆ ಕೊಟ್ಟುಬಿಡುತ್ತೇನೆ. ನಿಮ್ಮ ಕೋಣೆಯನ್ನು ಯಾರಿಗೂ ಕೊಡುವುದಿಲ್ಲ.